ಹೆಡಿಗೆಯಲ್ಲಿ ಇಳಿದ ಪೌಲ

ಕೇಳುಗರಿಗೆ ನಮಸ್ಕಾರ.

ಕೊರಿಂಥ ಗ್ರೀಸ್ ದೇಶದ ವ್ಯಾಪಾರದ ಊರು. ಕ್ರಿ.ಪೂ. 146ರಲ್ಲಿ ರೋಮನ್ನರು ಅದನ್ನು ನೆಲಸಮ ಮಾಡಿದ್ದರು. ನೂರು ವರ್ಷದ ಮೇಲೆ ಅವರೇ ಮತ್ತೆ ಕಟ್ಟಿದರು. ಹೊಸಬರು ಬಂದು ನೆಲೆಸಿದರು, ದುಡಿದು ಮೇಲೆ ಬಂದರು. ಮೇಲೆ ಬಂದದ್ದು ನಾಲ್ಕು ಜನಕ್ಕೆ ಗೊತ್ತಾಗಬೇಕು, ಅಲ್ವಾ? ಎರಾಸ್ತ ಎಂಬ ಅಧಿಕಾರಿ ತನ್ನ ಸ್ವಂತ ಖರ್ಚಿನಲ್ಲಿ ಚಪ್ಪಡಿ ಹಾಸಿಸಿದ್ದನ್ನು ಆ ಚಪ್ಪಡಿಯ ಮೇಲೇ ದೊಡ್ಡ ಅಕ್ಷರದಲ್ಲಿ ಕೆತ್ತಿಸಿದ. ಆ ಕಲ್ಲು ಈಗಲೂ ಅಲ್ಲಿದೆ.

ಇಂಥ ಊರಿನ ಕ್ರೈಸ್ತ ಸಭೆಗೆ, ಯೇಸುವಿನ ಸಂದೇಶ ಸಾರುತ್ತಾ ಊರೂರು ತಿರುಗಿದ ಅಪೊಸ್ತಲ ಪೌಲ ಸಾಲದಾದ. ಪತ್ರದಲ್ಲಿ ಜೋರು, ಎದುರಿಗೆ ಬಂದರೆ ಸಪ್ಪೆ ಎಂದು ಆಡಿಕೊಂಡರು. ಅವನು ಗುಡಾರ ಮಾಡುವ ಕಸುಬಿನವನು. ಅವರಿಂದ ಕಾಸು ಮುಟ್ಟಲಿಲ್ಲ. ಅದೂ ತಪ್ಪಾಯಿತು. ಅಷ್ಟರಲ್ಲಿ ಬೇರೆ ಬೋಧಕರು ಬಂದರು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವವರು.

ಪೌಲ ಉತ್ತರ ಬರೆದ. ಅದು ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11 ಮತ್ತು 12ನೇ ಅಧ್ಯಾಯಗಳಲ್ಲಿದೆ. ಹೊಗಳಿಕೊಳ್ಳಲೇಬೇಕಾದರೆ ನನ್ನ ಬಲಹೀನತೆಯನ್ನೇ ಹೇಳಿಕೊಳ್ಳುತ್ತೇನೆ ಎನ್ನುತ್ತಾನೆ. ಐದು ಸಲ ಒಂದು ಕಡಿಮೆ ನಲವತ್ತು ಏಟು. ಮೂರು ಸಲ ಕೋಲಿನ ಹೊಡೆತ. ಮೂರು ಸಲ ಹಡಗು ಒಡೆಯಿತು. ಒಂದು ರಾತ್ರಿ ಒಂದು ಹಗಲು ಸಮುದ್ರದ ನೀರಿನಲ್ಲಿ. ಹಸಿವು, ಚಳಿ, ನಿದ್ದೆಗೇಡು.

ಇದನ್ನೂ ಒಂದು ಸಾಹಸ ಎಂದುಕೊಳ್ಳಬಹುದಿತ್ತು. ಆದರೆ ಕೊನೆಗೆ ಸಿರಿಯಾದ ದಮಸ್ಕ ಊರಿನ ಒಂದು ರಾತ್ರಿಯನ್ನು ಹೇಳುತ್ತಾನೆ. ಅರೇತ ರಾಜನ ಅಧಿಕಾರಿ ಇವನನ್ನು ಹಿಡಿಯಲು ಊರಿಗೆಲ್ಲ ಕಾವಲು ಹಾಕಿದ್ದ. ಗೆಳೆಯರು ಇವನನ್ನು ಹೆಡಿಗೆಯಲ್ಲಿ ಕೂರಿಸಿ ಗೋಡೆಯ ಕಿಟಕಿಯಿಂದ ಕೆಳಗೆ ಇಳಿಸಿದರು. ತಪ್ಪಿಸಿಕೊಂಡು ಓಡಿದ, ಅಷ್ಟೇ. ರೋಮ್ ಸೈನ್ಯದಲ್ಲಿ ಶತ್ರುವಿನ ಕೋಟೆಗೋಡೆಯನ್ನು ಮೊದಲು ಹತ್ತಿದವನಿಗೆ ಚಿನ್ನದ ಕಿರೀಟ ಕೊಡುತ್ತಿದ್ದರು. ಇವನು ಗೋಡೆ ಇಳಿದವನು, ಅದೂ ಸಾಮಾನಿನ ಹಾಗೆ ತುಂಬಿಸಿಕೊಂಡು. ಯಾರೂ ಕೇಳಿರಲಿಲ್ಲ, ತಾನೇ ಬರೆದ. ಅಲ್ಲಿ ತನ್ನನ್ನು ಹಳಿದುಕೊಂಡೂ ಇಲ್ಲ. ಆದದ್ದನ್ನು ಆದ ಹಾಗೆ ಹೇಳಿದ್ದಾನೆ. ನಾನು ಪಾಪಿ, ನಾನು ಏನೂ ಅಲ್ಲ ಎಂದು ಹತ್ತು ಸಲ ಹೇಳುವುದಕ್ಕಿಂತ ಇದು ಕಷ್ಟ ಎಂದು ನನಗೆ ಅನ್ನಿಸುತ್ತದೆ.

ಆಮೇಲೆ ಶರೀರದಲ್ಲಿ ನಾಟಿದ್ದ ಶೂಲದ ಮಾತು ಬರುತ್ತದೆ. ಅದು ಏನೆಂದು ಅವನು ಹೇಳಲಿಲ್ಲ. ಅದು ತೊಲಗಲಿ ಎಂದು ಮೂರು ಸಲ ದೇವರನ್ನು ಬೇಡಿಕೊಂಡ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಶೂಲ ಹೋಯಿತೆಂದು ಅವನು ಎಲ್ಲೂ ಬರೆದಿಲ್ಲ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ರೂಢಿ ಇದೆ. ಕಾಯಿಲೆ ವಾಸಿಯಾದವರು, ಕೆಲಸ ಸಿಕ್ಕವರು, ಸಾಲ ತೀರಿದವರು ಎದ್ದು ನಿಂತು ಹೇಳುತ್ತಾರೆ. ಒಳ್ಳೆಯದೇ. ಆದರೆ ಬೇಡಿಕೊಂಡೂ ವಾಸಿಯಾಗದವರು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾರೆ. ಪೌಲ ಅವರ ಸಾಲಿನವನು. ಸಭೆ ನಡೆಸುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಈ ಭಾನುವಾರ ಅವರಲ್ಲಿ ಒಬ್ಬರ ಕೈಗೆ ಮೈಕ್ ಕೊಡಿ.

ನಮಸ್ಕಾರ.