ತಪ್ಪು ತೋರಿಸುವ ಗೊಂಬೆ

ಎಲ್ಲಾರಿಗೂ ನಮಸ್ಕಾರ ರೀ. ಗದಗ, ಹಾವೇರಿಯಿಂದ ನಸುಕಿನ ಬಸ್ ಹಿಡಿದು ಹುಬ್ಬಳ್ಳಿಗೆ ಬಂದ ವೈದ್ಯಕೀಯ ಅಧ್ಯಾಪಕರಿದ್ದೀರಿ, ರಾತ್ರಿ ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬಂದ ಹೌಸ್ ಸರ್ಜನ್ನರಿದ್ದೀರಿ. ಸ್ಮಾರ್ಟ್ ಬೋರ್ಡ್, ಆ್ಯಪ್, ಪಾಠದ ವಿಡಿಯೋ ಏನೆಂದು ನಿಮಗೆ ಹೇಳಬೇಕಾಗಿಲ್ಲ. ನನ್ನದು ಒಂದೇ ಮಾತು. ವಿದ್ಯಾರ್ಥಿಯ ತಪ್ಪನ್ನು ಆಗಿಂದಾಗಲೇ ಅವನಿಗೆ ತೋರಿಸುವ ಯಂತ್ರಕ್ಕೆ ಮೊದಲು ದುಡ್ಡು ಹಾಕ್ರಿ. ಉಳಿದದ್ದು ಆಮೇಲೆ.

ಗೊಂಬೆಯಿಂದ ಶುರು ಮಾಡೋಣ. ಗೊಂಬೆ ಅಂದರೆ ನಮ್ಮ ಕಡೆಯವರಿಗೆ ಕಿನ್ನಾಳ ನೆನಪಾಗುತ್ತದೆ. ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದನ್ನು ಕಲಿಸುವ ಗೊಂಬೆ ಮಾಡಿದವನೂ ಆಟಿಕೆಯವನೇ, ವೈದ್ಯನಲ್ಲ. ನಾರ್ವೆಯ ಸ್ಟಾವಂಗರ್ ಊರಿನ ಆಸ್ಮುಂಡ್ ಲೇರ್ಡಾಲ್. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಗೊಂಬೆ, ಆಟದ ಕಾರು ಮಾಡುತ್ತಿದ್ದ. ನೀರಲ್ಲಿ ಮುಳುಗಿದ್ದ ತನ್ನ ಪುಟ್ಟ ಮಗನನ್ನು ತಾನೇ ಎತ್ತಿ ಬದುಕಿಸಿಕೊಂಡಿದ್ದವ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸಲು ಒಂದು ದೇಹ ಬೇಕು ಎಂದು ವೈದ್ಯರು ಬಂದಾಗ, 1960ರಲ್ಲಿ ಈ ಗೊಂಬೆ ತಯಾರಾಯಿತು. ಮುಖ ಯಾರದು ಗೊತ್ತೇನ್ರಿ? ಪ್ಯಾರಿಸ್ಸಿನ ಸೆನ್ ನದಿಯಲ್ಲಿ ಹೆಣವಾಗಿ ಸಿಕ್ಕಳೆಂದು ಕಥೆಯಿರುವ, ಹೆಸರೇ ಗೊತ್ತಿಲ್ಲದ ಒಬ್ಬ ಹುಡುಗಿಯ ಮುಖವಾಡದ್ದು. ಬದುಕಿದ್ದಾಗ ಯಾರೂ ಗುರುತಿಸದ ಆ ಮುಖಕ್ಕೆ ಜಗತ್ತಿನ ಎಷ್ಟೋ ಮಂದಿ ಉಸಿರು ಕೊಟ್ಟು ಕಲಿತರು. ಎದೆ ಒತ್ತಿ ರಕ್ತ ಹರಿಸುವ ಕ್ರಮ ಅಮೆರಿಕದ ಬಾಲ್ಟಿಮೋರಿನಿಂದ ಪ್ರಕಟವಾದದ್ದೂ ಅದೇ 1960ರಲ್ಲಿ. ವೈದ್ಯ ಪೀಟರ್ ಸಾಫರ್ ಹೇಳಿದ ಮೇಲೆ ಗೊಂಬೆಯ ಎದೆಯೊಳಗೆ ಸ್ಪ್ರಿಂಗ್ ಕೂತಿತು. ಕೈಗೆ ಎದೆಯ ಬಿಗಿ ತಿಳಿದದ್ದು ಆವಾಗ. ಈಗ ಆ ಸ್ಪ್ರಿಂಗಿನ ಪಕ್ಕ ಸೆನ್ಸರ್ ಬಂದಿದೆ.

ಅದು ಏನು ಮಾಡುತ್ತದೆ? ದೊಡ್ಡವರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, 30 ಒತ್ತಿಗೆ 2 ಉಸಿರು. ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಕೈ ಹಾಗೆ ಮಾಡುವುದಿಲ್ಲ. ಗಾಬರಿಯಾದರೆ ವೇಗ 140 ದಾಟುತ್ತದೆ, ಆಗ ಆಳ ತಾನೇ ಕಡಿಮೆಯಾಗುತ್ತದೆ. ಇನ್ನೊಂದು ತಪ್ಪು, ಒತ್ತಿದ ಮೇಲೆ ಭಾರ ಬಿಡದೆ ಎದೆಯ ಮೇಲೇ ಒರಗುವುದು. ಎದೆ ಪೂರ್ತಿ ಮೇಲೆದ್ದರೆ ತಾನೇ ಹೃದಯಕ್ಕೆ ರಕ್ತ ತುಂಬುವುದು? ಪಕ್ಕದಲ್ಲಿ ನಿಂತ ಅಧ್ಯಾಪಕರಿಗೆ ಅರ್ಧ ಸೆಂಟಿಮೀಟರಿನ ಈ ವ್ಯತ್ಯಾಸ ಕಾಣುವುದಿಲ್ಲ. ಸೆನ್ಸರಿಗೆ ಕಾಣುತ್ತದೆ.

ಕಲಿಸುವಾಗ ಸೆನ್ಸರಿನ ಗ್ರಾಫ್ ತೋರಿಸುವ ತೆರೆ ಮೊದಲ 2 ನಿಮಿಷ ಮುಚ್ಚಿರಲಿ. ಇಲ್ಲದಿದ್ದರೆ ಕಣ್ಣು ಗ್ರಾಫಿನ ಮೇಲೇ ನೆಟ್ಟಿರುತ್ತದೆ, ಕೈ ಏನೂ ಕಲಿಯುವುದಿಲ್ಲ. ಆಮೇಲೆ ಗ್ರಾಫ್ ತೋರಿಸಿ, ಒಂದೇ ಒಂದು ತಪ್ಪು ಹೇಳಿ, ಮತ್ತೆ 2 ನಿಮಿಷ ಮಾಡಿಸಿ. ಗೊಂಬೆಯನ್ನು ಮಂಚದ ಮೇಲಿಡಬೇಡ್ರಿ. ಎದೆಯ ಮೇಲಿಟ್ಟು ಚಲನೆ ಅಳೆಯುವ ಉಪಕರಣವಾದರೆ, ಹಾಸಿಗೆ ಕುಸಿದದ್ದನ್ನೂ ಎದೆಯ ಲೆಕ್ಕಕ್ಕೇ ಸೇರಿಸುತ್ತದೆ. ಹುಡುಗನಿಗೆ 5 ಸೆಂಟಿಮೀಟರ್ ಕಂಡಿರುತ್ತದೆ, ಎದೆ 3 ಇಳಿದಿರುತ್ತದೆ. ನೆಲದ ಮೇಲಿಡಿ, ಅಥವಾ ಬೆನ್ನಡಿ ಗಟ್ಟಿ ಹಲಗೆ ಕೊಡಿ.

ಇನ್ನು ಪ್ಯಾಥಾಲಜಿ, ಅಂದರೆ ರೋಗ ತಗುಲಿದ ಅಂಗಾಂಶ ನೋಡಿ ಕಲಿಯುವ ಪಾಠ. ನಮ್ಮ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರದ್ದು. ಹೊಸ ಕಾಲೇಜಿಗೆ ಅಪರೂಪದ ಸ್ಲೈಡು, ಅಂದರೆ ಅಂಗಾಂಶದ ತೆಳು ಚೂರು ಅಂಟಿಸಿದ ಗಾಜು, ಕೂಡಿಬರಲು ದಶಕಗಳು ಬೇಕು, ಹಳೆಯದರಲ್ಲಿ ಇದ್ದವುಗಳ ಬಣ್ಣ ಮಾಸುತ್ತದೆ. ಸ್ಕ್ಯಾನ್ ಮಾಡಿದರೆ ಎರಡೂ ತೊಂದರೆ ತೀರುತ್ತವೆ. 15 ಮಿಲಿಮೀಟರ್ ಚೌಕದ ಅಂಗಾಂಶವನ್ನು ಪಿಕ್ಸೆಲ್ಲಿಗೆ 0.25 ಮೈಕ್ರಾನಿನಂತೆ ತೆಗೆದರೆ 360 ಕೋಟಿ ಪಿಕ್ಸೆಲ್. ಹೆದರಬೇಡ್ರಿ, ನೋಡುತ್ತಿರುವ ಚೂರಷ್ಟೇ ಇಳಿದು ಬರುತ್ತದೆ, ಹಾವೇರಿಯ ಹಾಸ್ಟೆಲ್ಲಿನ ಫೋನಿಗೂ ಸಾಕು. ಕೆಡುವುದು ಎಲ್ಲಿ ಅಂದರೆ, ಅಂಗಾಂಶ ಮಡಚಿದಲ್ಲಿ ಫೋಕಸ್ ತಪ್ಪುತ್ತದೆ, ಅದರ ಮೇಲೆ ಮುಚ್ಚುವ ತೆಳು ಗಾಜಿನ (ಕವರ್ ಸ್ಲಿಪ್) ಧೂಳಿಗೂ ತಪ್ಪುತ್ತದೆ. ಒಂದೇ ಪದರದ ಸ್ಕ್ಯಾನಿನಲ್ಲಿ ಫೈನ್ ಫೋಕಸ್ ತಿರುಗಿಸಲಾಗದು, ಅದಕ್ಕೇ ಮಲೇರಿಯಾ ಹುಡುಕಲು ಸೂಕ್ಷ್ಮದರ್ಶಕವೇ ಬೇಕು. ಇಲ್ಲಿಯೂ ನನ್ನ ಹಳೇ ಮಾತೇ: ಬಾಣ ಬರೆದು ತೋರಿಸಬೇಡಿ. ವಿದ್ಯಾರ್ಥಿ ಮೊದಲು ಗುರುತು ಹಾಕಲಿ, ಆಮೇಲೆ ನಿಮ್ಮ ಗುರುತು ತೆರೆಯಲಿ. ಎಲ್ಲಿ ತಪ್ಪಿದೆ ಎಂದು ಅವನಿಗೇ ಕಾಣುತ್ತದೆ.

ಚೀಟಿ ಬಂತು, ಐದು ನಿಮಿಷವಂತೆ. ಬೇಗ ಹೇಳುತ್ತೇನೆ. ರೋಗಿಯ ಫೋಟೋ, ಎಕ್ಸ್‌ರೇ ಪಾಠಕ್ಕೆ ಬಳಸುವ ಮುನ್ನ ಅವರ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ತಗೊಳ್ರಿ. ಎಕ್ಸ್‌ರೇ ಮೂಲೆಯ ಹೆಸರು ಅಳಿಸಿದರೆ ಸಾಲದು, ಚಿತ್ರ ಉಳಿಸಿಡುವ ಡೈಕಾಮ್ ಫೈಲಿನ ಒಳಗೂ ಹೆಸರು, ವಯಸ್ಸು ಕೂತಿರುತ್ತವೆ. ಫೋನಿನ ಫೋಟೋದಲ್ಲಿ ತೆಗೆದ ಜಾಗವೂ ಇರಬಹುದು.

ಮತ್ತೆ, ಪಾಠದ ವಿಡಿಯೋ, ಆ್ಯಪ್‌ಗಳ ಪರದೆಯ ಮೇಲಿನ ರೋಗಿಗಳು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಮ್ಮ ಓಪಿಡಿಯ ಅಜ್ಜಿ 'ದಮ್ಮು ಹತ್ತತದ, ಎದಿ ಡವಡವ ಅಂತದ' ಅನ್ನುತ್ತಾಳೆ. ಆ ಮಾತು ರೆಕಾರ್ಡ್ ಆಗಲಿ. ಕೇಳಿದ ವಿದ್ಯಾರ್ಥಿ ಮುಂದಿನ ಪ್ರಶ್ನೆ ಏನು ಕೇಳುತ್ತಾನೆ, ಅಲ್ಲಿ ಅವನ ತಪ್ಪು ಸಿಗುತ್ತದೆ.

ಉಳಿದದ್ದು ಊಟದ ಹೊತ್ತಿನಲ್ಲಿ ಮಾತಾಡೋಣ. ಕೆಳಗಿನ ಹಾಲಿನಲ್ಲಿ ನಾಲ್ಕು ಗೊಂಬೆ ನೆಲದ ಮೇಲೇ ಮಲಗಿಸಿದ್ದಾರೆ, ತೆರೆ ಮುಚ್ಚಿದೆ. ಹೌಸ್ ಸರ್ಜನ್ನರು ಆಮೇಲೆ. ಮೊದಲು ಅಧ್ಯಾಪಕರು ಬರ್ರಿ.