ಹನ್ನೆರಡನೇ ನಡೆಗೆ ಒಂಟೆ ಕೊಟ್ಟೆ

ಈ ಹಾಳೆ ನೋಡಿ. ಮೊನ್ನೆ ಭಾನುವಾರ ಬಳ್ಳಾರಿಯಲ್ಲಿ ಆಡಿದ ಚೆಸ್ ಟೂರ್ನಮೆಂಟ್‌ನ ಸ್ಕೋರ್ ಶೀಟ್, ಒಂದೊಂದು ನಡೆಯನ್ನೂ ಬರೆದುಕೊಳ್ಳುವ ಹಾಳೆ. 12ನೇ ನಡೆ ಹತ್ತಿರ ಇಂಕು ಹರಡಿದೆ, ಅಲ್ವಾ? ಅದು ನನ್ನ ಕೈ ಬೆವರು. ಹಾಲ್ ಒಳಗೆ ಫೋನ್ ಬಿಡುವುದಿಲ್ಲ. ಅದಕ್ಕೇ ಮನೆಯಲ್ಲಿ ಮಣೆ ಹಾಕಿ ಆ ಆಟ ತೋರಿಸುತ್ತಿದ್ದೇನೆ.

ಎದುರಿಗೆ ಕೂತವರು ರಿಟೈರ್ ಆದ ಲೆಕ್ಕದ ಮೇಷ್ಟ್ರು. ಅವರ ಜೊತೆ ಆರು ಸಲ ಆಡಿದ್ದೆ, ಆರೂ ಸಲ ಸೋತಿದ್ದೆ. ನಿಧಾನಕ್ಕೆ ಆಡಿದರೆ ಮೇಷ್ಟ್ರು ಬಿಡುವುದಿಲ್ಲ. ಒಂದೊಂದೇ ಪ್ಯಾದೆ ಕಿತ್ತುಕೊಂಡು ಉಸಿರು ಕಟ್ಟಿಸುತ್ತಾರೆ.

ನನ್ನದು ಬಿಳಿ ಕಾಯಿ. ಮೇಷ್ಟ್ರು ಆಗಲೇ ಕ್ಯಾಸ್ಲಿಂಗ್ ಮಾಡಿ, ಅಂದರೆ ರಾಜನನ್ನು ಬದಿಗೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತಂದು ಕೂತಿದ್ದರು. ಮಣೆಯ ಪ್ರತಿ ಮನೆಗೂ ಒಂದು ಅಕ್ಷರ, ಒಂದು ಅಂಕಿ ಸೇರಿದ ಹೆಸರಿದೆ. ನನ್ನ ಇ5 ಪ್ಯಾದೆ ಅವರ ಕುದುರೆಯನ್ನು ಎಫ್6ರಿಂದ ಡಿ7ಕ್ಕೆ ಓಡಿಸಿತ್ತು. ರಾಜನ ಬಾಗಿಲು ಕಾಯುವವರು ಯಾರೂ ಇಲ್ಲ. ಡಿ3ರಲ್ಲಿದ್ದ ನನ್ನ ಒಂಟೆ ನೇರ ಎಚ್7 ಪ್ಯಾದೆಯನ್ನೇ ನೋಡುತ್ತಿತ್ತು.

ಇಲ್ಲಿ ಒಂಟೆ ಕೊಡುವುದಕ್ಕೆ ಗ್ರೀಕ್ ಗಿಫ್ಟ್ ಅಂತಾರೆ. ಇಟಲಿಯ ಜೋಕಿನೋ ಗ್ರೆಕೊ ಸುಮಾರು 400 ವರ್ಷದ ಹಿಂದೆ ಬರೆದಿಟ್ಟ ಆಟಗಳಲ್ಲೇ ಇದಿದೆ. ಒಂಟೆಯಿಂದ ಪ್ಯಾದೆ ಹೊಡಿ, ರಾಜ ಒಂಟೆ ತಿಂದರೆ ಕುದುರೆಯಿಂದ ಚೆಕ್ ಕೊಡು (ರಾಜನ ಮೇಲೇ ದಾಳಿ ಮಾಡು), ಹಿಂದೆಯೇ ಮಂತ್ರಿ ಇಳಿಸು. ಓದುವಾಗ ಸುಲಭ. ಆದರೆ ಒಂದು ಒಂಟೆಗೆ ಮೂರು ಪ್ಯಾದೆಯ ಬೆಲೆ, ಕೈಗೆ ಸಿಗುವುದು ಒಂದೇ. ದಾಳಿ ನಿಂತರೆ ಆಟ ಮುಗಿದ ಹಾಗೆ.

ನಾನು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಕೆಲಸದವನು. ಹಾಸಿದ ಬಟ್ಟೆಗೆ ಮಷಿನ್ ತಾಗಿದ ಮೇಲೆ ಹಿಂದೆ ಸರಿಯುವ ಮಾತೇ ಇಲ್ಲ. ಚೆಸ್‌ನಲ್ಲೂ ಮುಟ್ಟಿದ ಕಾಯಿ ಆಡಲೇಬೇಕು. ಒಂಟೆ ಮುಟ್ಟಿದೆ.

ರಾಜ ಒಂಟೆ ತಿಂದ. ಕುದುರೆ ಜಿ5ಕ್ಕೆ ಹಾರಿತು, ಚೆಕ್. ಜಿ8ಕ್ಕೆ ವಾಪಸ್ ಹೋಗುತ್ತಾನೆ ಅಂದುಕೊಂಡಿದ್ದೆ. ಮೇಷ್ಟ್ರು ರಾಜನನ್ನು ಮುಂದಕ್ಕೆ, ಜಿ6ಕ್ಕೆ ತಂದರು. ನಾನು ಬಾಯಿಪಾಠ ಮಾಡಿದ್ದ ದಾರಿ ಅಲ್ಲಿಗೆ ಮುಗಿಯಿತು.

11 ನಿಮಿಷ ಕೂತೆ. ಫ್ಯಾನ್ ಸದ್ದೂ ಕೇಳಿಸಲಿಲ್ಲ. ನನಗೆ ಮಿಖಾಯಿಲ್ ತಾಲ್ ಅಂದರೆ ಪ್ರಾಣ. 1960ರಲ್ಲಿ 23ನೇ ವಯಸ್ಸಿಗೇ ಆಗಿನ ಚಾಂಪಿಯನ್ ಬೊತ್ವಿನ್ನಿಕ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದವರು. ಕೊನೆಯವರೆಗೆ ಲೆಕ್ಕ ಸಿಗದ ಜಾಗದಲ್ಲೂ ಅವರು ಕಾಯಿ ಕೊಡುತ್ತಿದ್ದರು. ನನಗೂ ಕೊನೆ ಕಾಣಲಿಲ್ಲ, ಒಂದು ನಡೆ ಮಾತ್ರ ಕಾಣಿಸಿತು. ಮಂತ್ರಿಯನ್ನು ಜಿ4ಕ್ಕೆ ಇಟ್ಟೆ.

ಮೇಷ್ಟ್ರು ಎಫ್5 ಆಡಿ ಮಂತ್ರಿಯನ್ನು ಗದರಿಸಿದರು. ನಾನು ಜಿ3ಕ್ಕೆ ಸರಿದೆ, ಆದರೂ ಅದೇ ಸಾಲಿನಲ್ಲಿ. ನಡುವೆ ನನ್ನ ಕುದುರೆ, ಆಚೆ ಅವರ ರಾಜ. ಆಗ ಅವರು ಸುಮ್ನೆ ಡಿ4 ಪ್ಯಾದೆ ತಿಂದುಬಿಟ್ಟರು.

ಇಲ್ಲಿ ನಿಧಾನವಾಗಿ ನೋಡಿ. ಕುದುರೆ ಹಾರಿ ಇ6 ಪ್ಯಾದೆ ತಿಂದಿತು. ದಾರಿ ತೆರೆದು ಹಿಂದಿದ್ದ ಮಂತ್ರಿಯಿಂದ ಚೆಕ್. ಅದೇ ಕುದುರೆ ಡಿ8ರ ಮಂತ್ರಿ ಮೇಲೂ ಕಣ್ಣಿಟ್ಟಿದೆ. ರಾಜ ಎಫ್7ಕ್ಕೆ ಓಡಿದ, ಕುದುರೆ ಮಂತ್ರಿಯನ್ನು ಹೊಡೆಯಿತು. ಇನ್ನು ನಾಲ್ಕು ನಡೆ ಆಡಿ ಮೇಷ್ಟ್ರು ಸೋಲೊಪ್ಪಿ ಕೈ ಚಾಚಿದರು. ಆ ಕೈ ಹಿಡಿದಾಗ ನನ್ನ ಕಣ್ಣು ತುಂಬಿ ಬಂತು.

ಆಮೇಲೆ ಇಬ್ಬರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಹೋದೆವು. ಮೇಷ್ಟ್ರು ಮಿರ್ಚಿ ಮುರಿಯುತ್ತಾ ಕೇಳಿದರು: "ರಾಜ ಜಿ6ಕ್ಕ ಬಂದಾಗ ಹೆದರಿಕಿ ಆಗ್ಲಿಲ್ಲೇನು?"

"ಭಾಳ ಆತ್ರಿ ಸರ್."

"ಆ ಡಿ4 ತಿನ್ನಬಾರದಿತ್ತು. ನಾಳೆ ಸಂಜಿಗೆ ಬಾ. ಅಲ್ಲಿಂದನ ಮತ್ತ ಆಡೋಣ."