ಹತ್ತು ಇನಿಂಗ್ಸ್, ಒಂದೇ ರನ್: 1991ರ ಏಳನೇ ಪಂದ್ಯ ನೋಡೋದು ಹೇಗೆ

ಹತ್ತು ಇನಿಂಗ್ಸ್ ಬೇಸ್‌ಬಾಲ್ ಆಟ, ಸ್ಕೋರು 1-0. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ‘ಇಷ್ಟು ಹೊತ್ತು ಏನ್ ಮಾಡ್ತಿದ್ರಪ್ಪ ಇವರು?’ ಅನ್ಸುತ್ತೆ. ಸ್ಕೋರ್‌ಬೋರ್ಡ್ ಬಿಡಿ, ಚೆಂಡೆಸೆಯೋ ಪಿಚರ್ ಕೈ ನೋಡಿ.

1991ರ ಅಕ್ಟೋಬರ್ 27, ಮಿನಿಯಾಪೊಲಿಸ್‌ನ ಮೆಟ್ರೋಡೋಮ್. ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ವರ್ಲ್ಡ್ ಸೀರೀಸ್ 3-3 ಸಮ, ಇದು ಕೊನೇ ಪಂದ್ಯ. ಪಿಚರ್‌ಗಳು: ಮಿನೆಸೋಟ ಟ್ವಿನ್ಸ್‌ಗೆ 36ರ ಜ್ಯಾಕ್ ಮೋರಿಸ್, ಅಟ್ಲಾಂಟ ಬ್ರೇವ್ಸ್‌ಗೆ 24ರ ಜಾನ್ ಸ್ಮೋಲ್ಟ್ಸ್. ಎಂಟನೇ ಇನಿಂಗ್ಸ್ ನಡುವೆ ಹೊರಗೆ ಹೋಗೋವರೆಗೂ ಸ್ಮೋಲ್ಟ್ಸ್ ಒಂದು ರನ್ನೂ ಕೊಡಲಿಲ್ಲ.

ಮೋರಿಸ್ ಅಸ್ತ್ರ ಫೋರ್ಕ್‌ಬಾಲ್. ತೋರುಬೆರಳು, ನಡುಬೆರಳು ಅಗಲಿಸಿ, ಸಂದಿಯಲ್ಲಿ ಚೆಂಡು ಸಿಕ್ಕಿಸ್ಕೊಂಡು, ತೋಳನ್ನು ಮಾತ್ರ ಫಾಸ್ಟ್‌ಬಾಲ್ ವೇಗದಲ್ಲೇ ಬೀಸಬೇಕು. ಸ್ಪಿನ್ ಕಮ್ಮಿ ಆಗಿ, 18.44 ಮೀಟರ್ ದಾರಿಯ ಕೊನೇಲಿ ಚೆಂಡು ಕುಸಿಯುತ್ತೆ. ಬ್ಯಾಟರ್ ಅದರ ಮೇಲಿಂದ ಗಾಳಿಗೆ ಬೀಸ್ತಾನೆ, ಇಲ್ಲಾ ತಲೆ ಸವರಿ ನೆಲಕ್ಕೆ ಉರುಳಿಸ್ತಾನೆ. ಆದ್ರೆ ಬೆರಳಿಂದ ಸರಿಯಾಗಿ ಜಾರದಿದ್ರೆ ಕುಸಿಯೋದೇ ಇಲ್ಲ. ಹೊಟ್ಟೆ ಎತ್ತರಕ್ಕೆ ನಿಧಾನವಾಗಿ ತೇಲಿ ಬರುತ್ತೆ, ಬ್ಯಾಟರ್‌ಗೆ ಹಬ್ಬ. ಜಾಸ್ತಿ ಕುಸಿದ್ರೆ ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಮುಂದೆ ಮಣ್ಣಿಗೆ ಬಿದ್ದು ಹಾರಿ ವೈಲ್ಡ್ ಪಿಚ್: ಕ್ಯಾಚರ್ ಕೈಗೆ ಸಿಗಲ್ಲ, ರನ್ನರ್ ಮುಂದಿನ ಬೇಸ್‌ಗೆ ಓಡ್ತಾನೆ. ಮೋರಿಸ್ ವೃತ್ತಿಜೀವನದಲ್ಲಿ ಅಂಥವು 200ಕ್ಕೂ ಹೆಚ್ಚು. ಮೂರನೇ ಬೇಸ್‌ನಲ್ಲಿ ರನ್ನರ್ ಇದ್ದಾಗ ಅದನ್ನ ಎಸೆಯೋಕೆ ಗುಂಡಿಗೆ ಬೇಕು.

ಈಗ ಎಂಟನೇ ಇನಿಂಗ್ಸ್, 0-0, ಬ್ರೇವ್ಸ್ ಬ್ಯಾಟಿಂಗ್. ಲಾನಿ ಸ್ಮಿತ್ ಮೊದಲ ಬೇಸ್‌ನಲ್ಲಿ. ಟೆರಿ ಪೆಂಡಲ್ಟನ್ ಎಡ-ಮಧ್ಯ ಮೈದಾನಕ್ಕೆ ಡಬಲ್ (ಎರಡನೇ ಬೇಸ್‌ವರೆಗೆ ತಲುಪಿಸೋ ಹೊಡೆತ) ಹೊಡೆದ್ರು. ಸ್ಮಿತ್ ಆರಾಮಾಗಿ ಮನೆ, ಅಂದ್ರೆ ಹೋಮ್ ಪ್ಲೇಟ್, ಸೇರಿ ರನ್ ತರಬೇಕಿತ್ತು. ಆದ್ರೆ ಚೆಂಡು ಎಲ್ಲಿದೆ ಅಂತ ಗೊತ್ತಾಗದೆ ಎರಡನೇ ಬೇಸ್ ಹತ್ರ ನಿಂತ್ಬಿಟ್ರು, ಮೂರನೇ ಬೇಸ್‌ಗಷ್ಟೇ ಮುಟ್ಟಿದ್ರು. ಟ್ವಿನ್ಸ್ ಫೀಲ್ಡರ್‌ಗಳಾದ ನಾಬ್ಲಾಕ್ ಮತ್ತು ಗ್ಯಾಗ್ನಿ, ಚೆಂಡು ತಮ್ಮ ಕೈಗೇ ಬರ್ತಿದೆ ಅನ್ನೋ ಹಾಗೆ ನಾಟಕ ಆಡೋದನ್ನ ರೀಪ್ಲೇನಲ್ಲಿ ನೋಡಿ, ಮಜಾ ಇದೆ.

ಬ್ರೇವ್ಸ್ ಸೋತಿದ್ದಕ್ಕೆ ಇವತ್ತಿಗೂ ಎಲ್ಲರೂ ಸ್ಮಿತ್‌ನ ಬೈತಾರೆ. ನಾನು ಒಪ್ಪಲ್ಲ. ರನ್ನರ್‌ಗಳು ಎರಡನೇ, ಮೂರನೇ ಬೇಸ್‌ನಲ್ಲಿ, ಒಬ್ಬರೂ ಔಟಾಗಿಲ್ಲ. ಹೊರಮೈದಾನಕ್ಕೆ ಒಂದು ಎತ್ತರದ ಹೊಡೆತ ಸಾಕು, ಕ್ಯಾಚ್ ಹಿಡಿದ ಮೇಲೂ ಮೂರನೇ ಬೇಸ್‌ನೋರು ಮನೆಗೆ ಓಡಬಹುದು, ರನ್ನೇ. ಅದೊಂದನ್ನೇ ಮೋರಿಸ್ ಕೊಡಲಿಲ್ಲ. ರಾನ್ ಗ್ಯಾಂಟ್ ಮೊದಲ ಬೇಸ್‌ನ ಹರ್ಬೆಕ್ ಕಡೆಗೆ ಮೆತ್ತಗೆ ಉರುಳಿಸಿದ್ರು. ಒಂದು ಔಟ್, ರನ್ನರ್‌ಗಳು ಇದ್ದಲ್ಲೇ. ಆಮೇಲೆ ಡೇವಿಡ್ ಜಸ್ಟಿಸ್‌ಗೆ ಬೇಕಂತ್ಲೇ ವಾಕ್ ಕೊಟ್ಟು (ಹೊಡೆಯೋಕೆ ಬಿಡದೆ ಮೊದಲ ಬೇಸ್ ಬಿಟ್ಟುಕೊಟ್ಟು) ಮೂರೂ ಬೇಸ್ ತುಂಬಿಸಿದ್ರು. ಹುಚ್ಚಾಟ ಅಲ್ಲ, ಲೆಕ್ಕ: ಬೇಸ್ ತುಂಬಿದ್ರೆ ಮನೆಗೆ ಓಡಿ ಬರೋನನ್ನ ಮುಟ್ಟಬೇಕಿಲ್ಲ, ಚೆಂಡು ಹಿಡಿದು ಹೋಮ್ ಪ್ಲೇಟ್ ತುಳಿದ್ರೆ ಸಾಕು. ಸಿಡ್ ಬ್ರೀಮ್ ಮತ್ತೆ ಹರ್ಬೆಕ್‌ಗೇ ಉರುಳಿಸಿದ್ರು. ಹರ್ಬೆಕ್‌ರಿಂದ ಕ್ಯಾಚರ್ ಹಾರ್ಪರ್‌ಗೆ, ಹಾರ್ಪರ್‌ರಿಂದ ವಾಪಸ್ ಹರ್ಬೆಕ್‌ಗೆ. ಒಂದೇ ಹೊಡೆತಕ್ಕೆ ಎರಡು ಔಟ್ (ಇದೇ ಡಬಲ್ ಪ್ಲೇ), ಒಟ್ಟು ಮೂರಾಗಿ ಇನಿಂಗ್ಸ್ ಖತಂ. ಸ್ಕೋರ್‌ಕಾರ್ಡ್‌ನಲ್ಲಿ ಇದು 3-2-3: 3 ಅಂದ್ರೆ ಮೊದಲ ಬೇಸ್‌ನ ಫೀಲ್ಡರ್, 2 ಅಂದ್ರೆ ಕ್ಯಾಚರ್.

ಅದೇ ಇನಿಂಗ್ಸ್‌ನಲ್ಲಿ ಟ್ವಿನ್ಸ್ ಕೂಡ ಬೇಸ್ ತುಂಬಿಸಿ, ಡಬಲ್ ಪ್ಲೇಗೆ ಸಿಕ್ಕಿ ಬರಿಗೈಲಿ ವಾಪಸಾದ್ರು. ಮಾಮೂಲಿ ಒಂಬತ್ತು ಇನಿಂಗ್ಸ್ ಮುಗಿದ್ರೂ 0-0. ಆಗ ಟ್ವಿನ್ಸ್ ಮ್ಯಾನೇಜರ್ ಟಾಮ್ ಕೆಲ್ಲಿ ಮೋರಿಸ್‌ನ ತೆಗೀಬೇಕು ಅಂತಿದ್ರು, ಮೋರಿಸ್ ಜಗ್ಗಲಿಲ್ಲ. ಹತ್ತನೆಯದನ್ನೂ ಮುಗಿಸಿದಾಗ ಒಟ್ಟು 126 ಎಸೆತ, ಅದೂ ಮೂರೇ ದಿನದ ವಿಶ್ರಾಂತಿ ಮೇಲೆ.

ಹತ್ತನೇ ಇನಿಂಗ್ಸ್‌ನ ಕೆಳಭಾಗ, ಅಂದ್ರೆ ಟ್ವಿನ್ಸ್ ಬ್ಯಾಟಿಂಗ್. ಡ್ಯಾನ್ ಗ್ಲ್ಯಾಡನ್ ಬ್ಯಾಟ್ ಮುರಿದ್ರೂ ಡಬಲ್ ಸಿಕ್ತು. ನಾಬ್ಲಾಕ್ ಬಂಟ್ ಮಾಡಿ (ಬೀಸದೆ ಬ್ಯಾಟ್ ಒಡ್ಡಿ ಚೆಂಡನ್ನ ಮೆತ್ತಗೆ ಉರುಳಿಸಿ) ಅವರನ್ನ ಮೂರನೇ ಬೇಸ್‌ಗೆ ಕಳಿಸಿದ್ರು. ಬ್ರೇವ್ಸ್ ಕೂಡ ಅದೇ ಲೆಕ್ಕ ಹಾಕಿ ಎರಡು ವಾಕ್ ಕೊಟ್ಟು ಬೇಸ್ ತುಂಬಿಸಿದ್ರು, ಹೊರಮೈದಾನದವರನ್ನ ಹತ್ತಿರ ಕರೆದ್ರು. ಆದ್ರೆ ಈ ಸಲ ಚೆಂಡು ಉರುಳಲಿಲ್ಲ. ಮೊಣಕಾಲು ನೋವಿನ ಜೀನ್ ಲಾರ್ಕಿನ್ ಬ್ರೇವ್ಸ್ ಪಿಚರ್ ಪೆನ್ಯಾ ಎಸೆದ ಮೊದಲ ಚೆಂಡನ್ನೇ ಹೊರಮೈದಾನದವರ ತಲೆ ಮೇಲಿಂದ ದಾಟಿಸಿದ್ರು. ಗ್ಲ್ಯಾಡನ್ ಎರಡೂ ಕಾಲಲ್ಲಿ ಹೋಮ್ ಪ್ಲೇಟ್ ಮೇಲೆ ಜಿಗಿದ್ರು. ಅವರನ್ನ ತಬ್ಬಿಕೊಳ್ಳೋಕೆ ಅಲ್ಲೇ ಕಾಯ್ತಿದ್ದೋರು ಮೋರಿಸ್.